ಕಾರಿನ ವಿಮೆ ನಾಲ್ಕು ತಿಂಗಳ ಹಿಂದೆಯೇ ಮುಗಿದಿತ್ತು: ಈಗ ಏನೇನು ಎದುರಿಸಬೇಕಾಗುತ್ತದೆ?

ತುಂಗಾತೀರ (ಶಿವಮೊಗ್ಗ):

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರ ಹೆಸರಿನಲ್ಲಿ 1,197 ಸಿಸಿಯ ಒಂದು ಪೆಟ್ರೋಲ್ ಕಾರು ಇದೆ. ಕಳೆದ ವಾರ ಎಮಿಷನ್ ಸರ್ಟಿಫಿಕೇಟ್ ಮಾಡಿಸಲೆಂದು ಪೆಟ್ರೋಲ್ ಬಂಕಿನ ಪಕ್ಕದ ವ್ಯಾನಿನ ಹತ್ತಿರ ನಿಲ್ಲಿಸಿ, ಆರ್‌ಸಿ ತೋರಿಸಲು ಮೊಬೈಲಿನಲ್ಲಿ ವಾಹನದ ದಾಖಲೆ ತೋರಿಸುವ ಸರ್ಕಾರಿ ಆ್ಯಪ್ ಎಂಪರಿವಾಹನ್ ತೆರೆದಾಗ ವಿಮೆಯ ಅವಧಿ ಮುಗಿದಿರುವುದು ಕಣ್ಣಿಗೆ ಬಿತ್ತು. ಲೆಕ್ಕ ಹಾಕಿದರೆ ನಾಲ್ಕು ತಿಂಗಳು ಹನ್ನೊಂದು ದಿನ. ಪ್ರತಿ ವರ್ಷ ಮನೆಗೇ ಬಂದು ಚೆಕ್ ತೆಗೆದುಕೊಂಡು ಹೋಗುತ್ತಿದ್ದ ಏಜೆಂಟರು ಕಳೆದ ವರ್ಷ ಕೆಲಸ ಬಿಟ್ಟಿದ್ದಾರೆ. ವಿಮಾ ಕಂಪನಿಯ ಸಂದೇಶಗಳು ಅಪ್ಪ ಎರಡು ವರ್ಷದ ಹಿಂದೆಯೇ ಬಿಟ್ಟ ಹಳೆಯ ಮೊಬೈಲ್ ನಂಬರಿಗೆ ಹೋಗಿವೆ. ಏಜೆಂಟರು ಬಂದೇ ಬರುತ್ತಾರೆ ಎಂದು ಅಪ್ಪ, ಅಪ್ಪ ಕಟ್ಟಿರುತ್ತಾರೆ ಎಂದು ನಾನು ಸುಮ್ಮನಿದ್ದೆವು.

ಈ ನಾಲ್ಕು ತಿಂಗಳಲ್ಲಿ ಆ ಕಾರು ಎರಡು ಸಲ ಬೆಂಗಳೂರಿಗೆ ಹೋಗಿ ಬಂದಿದೆ, ಒಮ್ಮೆ ಮಳೆಯಲ್ಲಿ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗಿದೆ. ದೇವರ ದಯೆಯಿಂದ ಏನೂ ಆಗಲಿಲ್ಲ. ಈಗ ತಡವಾಗಿ ಕಟ್ಟಿದರೆ ದಂಡ ಬೀಳುತ್ತದೆಯೇ, ಇಷ್ಟು ವರ್ಷ ಕ್ಲೇಮು ಮಾಡದೆ ಉಳಿಸಿಕೊಂಡು ಬಂದಿದ್ದ 50 ಪ್ರತಿಶತ ನೋ ಕ್ಲೇಮ್ ಬೋನಸ್, ಅಂದರೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಉಳಿಯುತ್ತದೆಯೇ, ಅಕಸ್ಮಾತ್ ಈ ಅವಧಿಯಲ್ಲಿ ಅಪಘಾತವಾಗಿದ್ದರೆ ನಮ್ಮ ಗತಿ ಏನಾಗುತ್ತಿತ್ತು ಎಂಬುದನ್ನು ತಿಳಿದವರು ವಿವರಿಸಬೇಕಾಗಿ ಕೋರುತ್ತೇನೆ.

ನೇರಮಾತು (ಬೆಂಗಳೂರು):

ಇಷ್ಟೊಂದು ಗಾಬರಿಯಾಗುವ ವಿಷಯವೇನಲ್ಲ ಸಾರ್. ಪೊಲೀಸರು ಹಿಡಿದರೆ 2,000 ರೂಪಾಯಿ ದಂಡ, ಅಷ್ಟೇ. ನನ್ನ ಹಳೆಯ ಕಾರು ಹತ್ತು ತಿಂಗಳಿಂದ ವಿಮೆಯಿಲ್ಲದೆ ಇದೆ. ವಾರಕ್ಕೊಮ್ಮೆ ತರಕಾರಿ ತರಲು ತೆಗೆಯುವ ಬಂಡಿಗೆ ವರ್ಷಕ್ಕೆ ಹತ್ತು ಸಾವಿರ ಸುರಿಯುವುದಕ್ಕಿಂತ, ಎಂದೋ ಒಮ್ಮೆ ಸಿಕ್ಕಿಬಿದ್ದಾಗ ದಂಡ ಕಟ್ಟುವುದೇ ಲಾಭವೆಂದು ನನಗೆ ತೋರುತ್ತದೆ.

ಚಾಸಿಸ್ ನಂಬರ್ (ದಾವಣಗೆರೆ):

ನಾನು ಮೋಟಾರು ವಿಮೆಯ ಸರ್ವೇಯರ್, ಅಂದರೆ ವಾಹನಕ್ಕಾದ ಹಾನಿಯನ್ನು ಅಂದಾಜು ಮಾಡುವ ಕೆಲಸದವನು. ತುಂಗಾತೀರ ಅವರ ಮೊದಲ ಎರಡು ಪ್ರಶ್ನೆಗಳಿಗೆ ನಾನು ಉತ್ತರಿಸುತ್ತೇನೆ. ಮೂರನೆಯದನ್ನು ವಕೀಲರು ಯಾರಾದರೂ ಹೇಳಲಿ.

ತಡವಾಗಿ ಕಟ್ಟಿದ್ದಕ್ಕೆ ವಿಮಾ ಕಂಪನಿ ದಂಡ ಹಾಕುವುದಿಲ್ಲ. ಆದರೆ ಜೀವ ವಿಮೆಯಲ್ಲಿಯೂ ಆರೋಗ್ಯ ವಿಮೆಯಲ್ಲಿಯೂ ಕಂತು ತಪ್ಪಿದರೆ ಸಿಗುವ ಹೆಚ್ಚುವರಿ ದಿನಗಳ ರಿಯಾಯಿತಿ ವಾಹನ ವಿಮೆಗೆ ಇಲ್ಲವೆಂಬುದನ್ನು ಬಹಳ ಜನ ತಿಳಿದಿರುವುದಿಲ್ಲ. ಪಾಲಿಸಿಯಲ್ಲಿ ಬರೆದ ದಿನದ ಮಧ್ಯರಾತ್ರಿ ಕಳೆದರೆ ರಕ್ಷಣೆ ಮುಗಿಯಿತು. ಮರುದಿನ ಬೆಳಿಗ್ಗೆ ಆರು ಗಂಟೆಗೆ ಹಾಲು ತರಲು ಹೋದಾಗ ಗುದ್ದಿದರೂ ಅದು ವಿಮೆಯಿಲ್ಲದ ಕಾರೇ. ನನ್ನ ನೆನಪಿನಲ್ಲಿ ಇದಕ್ಕೆ ದೊಡ್ಡ ವಿನಾಯಿತಿ ಸಿಕ್ಕಿದ್ದು 2020ರ ಲಾಕ್‌ಡೌನಿನಲ್ಲಿ. ಮಾರ್ಚ್ 25ರಿಂದ ಮೇ 3ರ ನಡುವೆ ನವೀಕರಿಸಬೇಕಿದ್ದ ಥರ್ಡ್ ಪಾರ್ಟಿ (ನಮ್ಮ ವಾಹನದಿಂದ ಬೇರೆಯವರಿಗಾಗುವ ಹಾನಿಯ) ಪಾಲಿಸಿಗಳಿಗೆ ಮೇ 15ರ ವರೆಗೆ ಹಣ ಕಟ್ಟಲು ಕೇಂದ್ರ ಸರ್ಕಾರ ಅಧಿಸೂಚನೆಯ ಮೂಲಕವೇ ಅವಕಾಶ ಕೊಟ್ಟಿತ್ತು. ಸರ್ಕಾರ ಅಧಿಸೂಚನೆ ಹೊರಡಿಸಬೇಕಾಯಿತು ಎಂದರೆ, ಸಾಮಾನ್ಯ ದಿನಗಳಲ್ಲಿ ಆ ಸೌಲಭ್ಯ ಇಲ್ಲ ಎಂದೇ ಅರ್ಥ.

ನೋ ಕ್ಲೇಮ್ ಬೋನಸ್ ವಿಷಯದಲ್ಲಿ ಬೇಸರದ ಉತ್ತರ ಕೊಡಬೇಕಾಗಿದೆ. ಅವಧಿ ಮುಗಿದ 90 ದಿನಗಳೊಳಗೆ ನವೀಕರಿಸಿದರೆ ಮಾತ್ರ ಅದು ಉಳಿಯುತ್ತದೆ. ನಿಮ್ಮದು ಅದನ್ನು ದಾಟಿ ಒಂದು ತಿಂಗಳಾಗಿರುವುದರಿಂದ ಮತ್ತೆ ಸೊನ್ನೆಯಿಂದ ಆರಂಭ. ಇದರ ಪೆಟ್ಟು ಈ ಒಂದು ವರ್ಷಕ್ಕೇ ಮುಗಿಯುವುದಿಲ್ಲ. ಬೋನಸ್ ಏರುವುದು 20, 25, 35, 45, 50 ಎಂಬ ಮೆಟ್ಟಿಲುಗಳಲ್ಲಿ. ಅಂದರೆ ಈ ವರ್ಷ ನೀವು ಪೂರ್ತಿ ಪ್ರೀಮಿಯಂನ 50 ಪ್ರತಿಶತದಷ್ಟು ಹೆಚ್ಚು ಕೊಡುತ್ತೀರಿ, ಮುಂದಿನ ವರ್ಷ 30, ಆಮೇಲೆ 25, 15, 5. ಒಟ್ಟು ಕೂಡಿಸಿದರೆ ಒಂದೂಕಾಲು ವರ್ಷದ ಪೂರ್ತಿ ಓನ್ ಡ್ಯಾಮೇಜ್ ಪ್ರೀಮಿಯಂ, ಅಂದರೆ ನಮ್ಮದೇ ಕಾರಿಗಾಗುವ ಹಾನಿಯ ವಿಮೆಯ ಕಂತು. ನಿಮ್ಮ ಕಾರಿಗೆ ಓನ್ ಡ್ಯಾಮೇಜ್ ಭಾಗ 8,600 ರೂಪಾಯಿ ಎಂದಿಟ್ಟುಕೊಂಡರೆ 10,750 ರೂಪಾಯಿ, ಅದರ ಮೇಲೆ 18 ಪ್ರತಿಶತ ಜಿಎಸ್‌ಟಿ ಸೇರಿ 12,685. ಕಾರಿನ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುವುದರಿಂದ ನಿಜವಾದ ಮೊತ್ತ ಸ್ವಲ್ಪ ಕಡಿಮೆಯಾದೀತು, ಅಷ್ಟೇ. ಥರ್ಡ್ ಪಾರ್ಟಿ ಭಾಗಕ್ಕೆ ಬೋನಸ್ ಅನ್ವಯಿಸುವುದಿಲ್ಲವಾದ್ದರಿಂದ ಅಲ್ಲಿ ವ್ಯತ್ಯಾಸವಿಲ್ಲ. 2022ರ ಜೂನ್ 1ರಿಂದ ಜಾರಿಗೆ ಬಂದ ದರಪಟ್ಟಿಯಲ್ಲಿ 1,000ದಿಂದ 1,500 ಸಿಸಿ ವರೆಗಿನ ಖಾಸಗಿ ಕಾರಿಗೆ ಅದು 3,416 ರೂಪಾಯಿ.

ಇನ್ನು ಓನ್ ಡ್ಯಾಮೇಜ್ ಸಹಿತ ಪಾಲಿಸಿ ಬೇಕೆಂದರೆ ವಾಹನದ ತಪಾಸಣೆ ಆಗಲೇಬೇಕು. ಈಗ ಹೆಚ್ಚಿನವರು ಮೊಬೈಲಿನಲ್ಲೇ ವಿಡಿಯೋ ತೆಗೆಸುತ್ತಾರೆ: ನಾಲ್ಕೂ ಬದಿ, ಮುಂದಿನ ಗಾಜು, ಬಾನೆಟ್ ತೆರೆದು ಎಂಜಿನ್, ಚಾಸಿಸ್ ನಂಬರ್, ಓಡಿದ ಕಿಲೋಮೀಟರ್. ಹಳೆಯ ಗೀರು, ತಗ್ಗುಗಳು ದಾಖಲಾಗುತ್ತವೆ. ಮುಂದೆ ಅವುಗಳಿಗೆ ಕ್ಲೇಮು ಸಿಗುವುದಿಲ್ಲ. ಕಾರು ತೊಳೆಸಿ, ಹಗಲು ಬೆಳಕಿನಲ್ಲಿ ತೆಗೆಯಿರಿ. ಮುಸ್ಸಂಜೆ ತೆಗೆದ ಮಸುಕು ವಿಡಿಯೋ ತಿರಸ್ಕೃತವಾಗಿ ಎರಡು ದಿನ ಹೋಗುವುದನ್ನು ನಾನು ಪದೇ ಪದೇ ನೋಡುತ್ತೇನೆ.

ಕಪ್ಪುಕೋಟು (ಹುಬ್ಬಳ್ಳಿ):

ನಾನು ಎಂವಿಸಿ ಪ್ರಕರಣಗಳನ್ನು, ಅಂದರೆ ಮೋಟಾರು ಅಪಘಾತ ಪರಿಹಾರದ ದಾವೆಗಳನ್ನು ನಡೆಸುವ ವಕೀಲ. "2,000 ರೂಪಾಯಿ ದಂಡ, ಅಷ್ಟೇ" ಎಂಬ ಮಾತಿಗೆ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸಬೇಕೆನಿಸುತ್ತದೆ.

ಮೋಟಾರು ವಾಹನ ಕಾಯ್ದೆ 1988ರ 146ನೇ ಕಲಮಿನ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಥರ್ಡ್ ಪಾರ್ಟಿ ವಿಮೆಯಿಲ್ಲದ ವಾಹನವನ್ನು ತಾನು ಬಳಸುವಂತಿಲ್ಲ, ಬೇರೆಯವರಿಗೆ ಬಳಸಲು ಕೊಡುವಂತೆಯೂ ಇಲ್ಲ. ತಪ್ಪಿದರೆ 196ನೇ ಕಲಮಿನಡಿ, 2019ರ ತಿದ್ದುಪಡಿಯ ನಂತರ, ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಸೆರೆವಾಸ ಅಥವಾ 2,000 ರೂಪಾಯಿ ದಂಡ ಅಥವಾ ಎರಡೂ, ಮತ್ತೊಮ್ಮೆ ಸಿಕ್ಕಿಬಿದ್ದರೆ ದಂಡ 4,000. ನೇರಮಾತು ಅವರು ಸೆರೆವಾಸದ ಮಾತನ್ನು ಬಿಟ್ಟಿದ್ದಾರೆ; ಇರಲಿ, ಅದು ಅಪರೂಪವೇ. ಅವರು ಬಿಟ್ಟಿರುವ ದೊಡ್ಡ ಲೆಕ್ಕ ಬೇರೆಯಿದೆ.

32 ವರ್ಷದ ಒಬ್ಬ ಗಾರೆ ಕೆಲಸದವನನ್ನು ಕಲ್ಪಿಸಿಕೊಳ್ಳಿ. ತಿಂಗಳಿಗೆ 20,000 ದುಡಿಯುತ್ತಾನೆ. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ತಾಯಿ. ತರಕಾರಿ ತರಲು ಹೊರಟ ನಿಮ್ಮ ಕಾರು ತಾಗಿ ಆತ ತೀರಿಕೊಂಡ. ಸುಪ್ರೀಂ ಕೋರ್ಟ್ 2009 ಮತ್ತು 2017ರ ಎರಡು ತೀರ್ಪುಗಳಲ್ಲಿ ಹಾಕಿಕೊಟ್ಟ ಸೂತ್ರವನ್ನು, ಇಂಥ ದಾವೆಗಳನ್ನು ತೀರ್ಮಾನಿಸುವ ನ್ಯಾಯಾಧಿಕರಣ ಅನುಸರಿಸುತ್ತದೆ. ಸ್ವಂತ ದುಡಿಮೆಯವನಾಗಿ ನಲವತ್ತರೊಳಗಿನವನಾದ್ದರಿಂದ ಭವಿಷ್ಯದ ಗಳಿಕೆಗೆಂದು 40 ಪ್ರತಿಶತ ಸೇರಿಸಿದರೆ ತಿಂಗಳಿಗೆ 28,000. ನಾಲ್ವರು ಅವಲಂಬಿತರಿರುವುದರಿಂದ ಆತನ ಸ್ವಂತ ಖರ್ಚಿಗೆ ಕಾಲು ಭಾಗ ಕಳೆದರೆ 21,000. ವರ್ಷಕ್ಕೆ 2,52,000. ವಾರ್ಷಿಕ ಮೊತ್ತವನ್ನು ಗುಣಿಸಬೇಕಾದ ಸಂಖ್ಯೆ, ಅಂದರೆ ಗುಣಕ, ಆ ವಯಸ್ಸಿಗೆ 16. ಗುಣಿಸಿದರೆ 40,32,000 ರೂಪಾಯಿ. ಅಂತ್ಯಕ್ರಿಯೆಯ ವೆಚ್ಚ ಮುಂತಾದ ಬಾಬ್ತುಗಳು ಇದರ ಮೇಲೆ. ದಾವೆ ನಾಲ್ಕು ವರ್ಷ ನಡೆದು ವಾರ್ಷಿಕ 6 ಪ್ರತಿಶತ ಬಡ್ಡಿ ಹಾಕಿದರೆ ಇನ್ನೂ ಸುಮಾರು ಒಂಬತ್ತೂವರೆ ಲಕ್ಷ. 3,416 ರೂಪಾಯಿ ಮತ್ತು ಜಿಎಸ್‌ಟಿ ಕಟ್ಟಿದ್ದರೆ ಇದನ್ನೆಲ್ಲ ವಿಮಾ ಕಂಪನಿ ಕೊಡುತ್ತಿತ್ತು. ಸಾವು ಮತ್ತು ದೈಹಿಕ ಗಾಯಗಳ ಮಟ್ಟಿಗೆ ಖಾಸಗಿ ಕಾರಿನ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಗರಿಷ್ಠ ಮಿತಿಯೇ ಇಲ್ಲ. ಕಟ್ಟದಿದ್ದರೆ ಪೂರ್ತಿ ಹೊಣೆ ಮಾಲೀಕರದು ಮತ್ತು ಚಾಲಕರದು.

"ಕಂಪನಿ ಮೊದಲು ಕೊಟ್ಟು ಆಮೇಲೆ ನಮ್ಮಿಂದ ವಸೂಲು ಮಾಡುತ್ತದಂತೆ" ಎಂದು ಕಕ್ಷಿದಾರರು ಕೇಳುವುದುಂಟು. ಅಂಥ ಆದೇಶ ಬರುವುದು ಚಾಲಕನ ಲೈಸೆನ್ಸ್ ಸರಿಯಿಲ್ಲದಿರುವಂಥ ಷರತ್ತು ಉಲ್ಲಂಘನೆಗಳಲ್ಲಿ, ಅದೂ ಪಾಲಿಸಿ ಚಾಲ್ತಿಯಲ್ಲಿದ್ದರೆ. ಪಾಲಿಸಿಯೇ ಇಲ್ಲದಾಗ ಕೊಡಬೇಕಾದ ಕಂಪನಿಯೂ ಇರುವುದಿಲ್ಲ. ತಪ್ಪು ಯಾರದೆಂದು ಸಾಬೀತು ಮಾಡುವ ಅಗತ್ಯವಿಲ್ಲದೆ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ಕೊಡಿಸುವ 164ನೇ ಕಲಮೂ 2022ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಹಣ ಕಟ್ಟದಿದ್ದರೆ 174ನೇ ಕಲಮಿನಡಿ ನ್ಯಾಯಾಧಿಕರಣವು ಜಿಲ್ಲಾಧಿಕಾರಿಗೆ ಪ್ರಮಾಣಪತ್ರ ಕಳುಹಿಸಿ ಭೂಕಂದಾಯದ ಬಾಕಿಯಂತೆ ವಸೂಲು ಮಾಡಿಸಬಹುದು. ಮನೆ, ಜಮೀನು, ಬ್ಯಾಂಕಿನ ಠೇವಣಿ ಎಲ್ಲವೂ ಆ ವ್ಯಾಪ್ತಿಗೆ ಬರುತ್ತವೆ.

ಬಯಲುಸೀಮೆ (ಹಾವೇರಿ):

ವಕೀಲರು ಹೇಳಿದ್ದು ಮಾಲೀಕರ ಕಡೆಯ ಲೆಕ್ಕ. ನಮ್ಮ ಮನೆಯಲ್ಲಿ ಅದರ ಇನ್ನೊಂದು ಕಡೆಯನ್ನು ನೋಡಿದ್ದೇವೆ, ಆದ್ದರಿಂದ ಬರೆಯುತ್ತಿದ್ದೇನೆ.

2014ರಲ್ಲಿ ನಮ್ಮ ಸೋದರಮಾವ ಸಂತೆಯಿಂದ ಸೈಕಲ್ ತಳ್ಳಿಕೊಂಡು ಬರುವಾಗ ಹಿಂದಿನಿಂದ ಬಂದ ಕಾರೊಂದು ಹೊಡೆಯಿತು. ಎಡಗಾಲು ಮೊಣಕಾಲಿನ ಕೆಳಗೆ ಹೋಯಿತು. ಕಾರಿನ ವಿಮೆ ಮುಗಿದು ಎರಡು ತಿಂಗಳಾಗಿತ್ತು. ಐದು ವರ್ಷದ ನಂತರ ನ್ಯಾಯಾಧಿಕರಣ ಒಂಬತ್ತು ಲಕ್ಷ ಚಿಲ್ಲರೆ ಪರಿಹಾರಕ್ಕೆ ಆದೇಶಿಸಿದಾಗ ಮನೆಯಲ್ಲಿ ಸಿಹಿ ಹಂಚಿದ್ದರು. ಆದೇಶ ಜಾರಿಗೊಳಿಸಲು ಕೋರುವ ಅಮಲ್ಜಾರಿ ಅರ್ಜಿ ಹಾಕಿ, ಜಪ್ತಿಗೆ ಬರುವ ಕೋರ್ಟಿನ ಅಮೀನರ ಜೊತೆ ಆ ಕಾರಿನವರ ಮನೆಗೆ ನಾನೇ ಹೋಗಿದ್ದೆ. ಬಾಡಿಗೆ ಮನೆ, ಒಂದು ಟಿವಿ, ಒಂದು ಗ್ರೈಂಡರ್, ಕಬ್ಬಿಣದ ಮಂಚ. ಅಮೀನರು ಚೀಟಿಯಲ್ಲಿ ಅಷ್ಟನ್ನೂ ಬರೆದುಕೊಂಡು ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಂಡರು. ಕಾರನ್ನು ಠಾಣೆಯಿಂದ ಅಪಘಾತವಾದ ತಿಂಗಳಲ್ಲೇ ಬಿಡಿಸಿಕೊಂಡು ಮಾರಿಯಾಗಿತ್ತು. ಆ ಮನುಷ್ಯ ಕೆಟ್ಟವನೇನೂ ಆಗಿರಲಿಲ್ಲ. ತಿಂಗಳಿಗೆ 3,000ದಂತೆ ಹನ್ನೊಂದು ಕಂತು ಕಟ್ಟಿದ, ಆಮೇಲೆ ಅವನಿಗೂ ಆಗಲಿಲ್ಲ. ಮಾವ ಈಗ ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತು ಅಂಗಡಿಗೆ ಪೊಟ್ಟಣ ಕಟ್ಟಿಕೊಡುತ್ತಾರೆ.

ಕಪ್ಪುಕೋಟು (ಹುಬ್ಬಳ್ಳಿ):

ಬಯಲುಸೀಮೆ ಅವರು ಹೇಳಿದಂಥ ಪ್ರಕರಣಗಳು ಹೆಚ್ಚಾದ ಕಾರಣದಿಂದಲೇ 2018ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ನಿರ್ದೇಶನ ನೀಡಿತು. ಸಾವು ಅಥವಾ ಗಾಯಕ್ಕೆ ಕಾರಣವಾದ ವಾಹನಕ್ಕೆ ವಿಮೆ ಇಲ್ಲದಿದ್ದರೆ, ಪರಿಹಾರಕ್ಕೆ ಸಾಕಾಗುವಷ್ಟು ಹಣದ ಭದ್ರತೆ (ಜಾಮೀನು) ಒದಗಿಸದ ಹೊರತು ಅದನ್ನು ಬಿಡುಗಡೆ ಮಾಡಬಾರದು. ಮೂರು ತಿಂಗಳಾದರೂ ಭದ್ರತೆ ಕೊಡದಿದ್ದರೆ ಹರಾಜು ಹಾಕಿ ಬಂದ ಹಣವನ್ನು ನ್ಯಾಯಾಧಿಕರಣದಲ್ಲಿ ಠೇವಣಿ ಇಡಬೇಕು ಎಂಬುದು ಅದರ ಸಾರ. ಠಾಣೆಯ ಆವರಣದಲ್ಲಿ ಬಳ್ಳಿ ಹಬ್ಬಿ ನಿಂತಿರುವ ಕಾರುಗಳನ್ನು ನೋಡಿದಾಗ ಇದನ್ನು ನೆನಪಿಸಿಕೊಳ್ಳಬಹುದು. ಆದರೆ ಹಳೆಯ ಕಾರಿನ ಹರಾಜಿನಿಂದ ಒಂದೂವರೆ ಲಕ್ಷ ಬಂದೀತು, ನಲವತ್ತು ಲಕ್ಷದ ತೀರ್ಪಿಗೆ ಅದು ಎಲ್ಲಿಗೂ ಸಾಲದು.

ನೇರಮಾತು (ಬೆಂಗಳೂರು):

ವಕೀಲರ ಲೆಕ್ಕ ನೋಡಿ ನನ್ನ ಮಾತಿನ ಧಾಟಿ ಸ್ವಲ್ಪ ಇಳಿದಿದೆ ಎಂದು ಒಪ್ಪುತ್ತೇನೆ. ಆದರೂ ಒಂದು ಪ್ರಶ್ನೆ. ಕಾರನ್ನು ಓಡಿಸದೆ ಮನೆಯ ಮುಂದಿನ ರಸ್ತೆಯಲ್ಲಿ ಸುಮ್ಮನೆ ನಿಲ್ಲಿಸಿದ್ದರೆ ವಿಮೆಯ ಅಗತ್ಯ ಏಕೆ? ಕಾಯ್ದೆಯಲ್ಲಿ ಇರುವುದು "ಬಳಕೆ" ಎಂಬ ಪದ ತಾನೇ?

ಕಪ್ಪುಕೋಟು (ಹುಬ್ಬಳ್ಳಿ):

ಒಳ್ಳೆಯ ಪ್ರಶ್ನೆ, ಮತ್ತು ಇದಕ್ಕೆ ಉತ್ತರ ಸಿಕ್ಕಿದ್ದು ನಮ್ಮ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿಯೇ. 1987ರ ಅಕ್ಟೋಬರಿನಲ್ಲಿ ಸಾತಾರಾ ಜಿಲ್ಲೆಯಲ್ಲಿ ಬೆಂಗಳೂರಿನ ಕಡೆಗೆ ಬರುತ್ತಿದ್ದ ಪೆಟ್ರೋಲ್ ಟ್ಯಾಂಕರೊಂದಕ್ಕೆ ಎದುರಿನ ಲಾರಿ ತಾಗಿ, ಟ್ಯಾಂಕರ್ ರಸ್ತೆಯ ಬದಿಗೆ ಉರುಳಿತು. ಗಂಟೆಗಟ್ಟಲೆ ಅದು ಅಲ್ಲಿಯೇ ಬಿದ್ದಿತ್ತು, ಪೆಟ್ರೋಲ್ ಸೋರುತ್ತಿತ್ತು, ಜನ ಸೇರಿದ್ದರು. ಸುಮಾರು ನಾಲ್ಕು ಗಂಟೆಗಳ ನಂತರ ಬೆಂಕಿ ಹೊತ್ತಿ ಸ್ಫೋಟವಾಗಿ ಸಾವುಗಳಾದವು. ಚಲಿಸದೆ ಬಿದ್ದಿದ್ದ ವಾಹನ ಬಳಕೆಯಲ್ಲಿತ್ತು ಎನ್ನಲಾಗದು ಎಂಬ ವಾದವನ್ನು ಸುಪ್ರೀಂ ಕೋರ್ಟ್ 1991ರಲ್ಲಿ ತಳ್ಳಿಹಾಕಿತು. ವಾಹನ ನಿಂತಿರುವಾಗಲೂ, ಕೆಟ್ಟು ಬಿದ್ದಿರುವಾಗಲೂ ಅದು ಬಳಕೆಯೇ ಎಂದಿತು. ರಸ್ತೆಯಲ್ಲಿ ನಿಲ್ಲಿಸಿದ ನಿಮ್ಮ ಕಾರಿಗೆ ರಾತ್ರಿ ಬೈಕ್ ಸವಾರನೊಬ್ಬ ಬಂದು ಗುದ್ದಿ ಬಿದ್ದರೆ, ಕಾರು ಅಡ್ಡಾದಿಡ್ಡಿ ನಿಂತಿತ್ತೆಂದು ಆತನ ವಕೀಲರು ವಾದಿಸುವುದು ಖಂಡಿತ. ಬೆಂಗಳೂರಿನ ಅಡ್ಡರಸ್ತೆಗಳಲ್ಲಿ ನೇರವಾಗಿ ನಿಂತ ಕಾರನ್ನು ತೋರಿಸುವುದೇ ಕಷ್ಟ ಎಂಬುದು ಬೇರೆ ಮಾತು.

ಕಡಲತಡಿ (ಮಂಗಳೂರು ಮೂಲ, ಈಗ ಬ್ರಿಟನ್):

ಇಲ್ಲಿ 2011ರಿಂದ ನಿಯಮ ಇನ್ನೂ ಬಿಗಿಯಾಗಿದೆ. ವಾಹನವನ್ನು ಬಳಸುವುದಿಲ್ಲವೆಂದು ನೋಂದಣಿ ಸಂಸ್ಥೆಗೆ ಮೊದಲೇ ಘೋಷಿಸದ ಹೊರತು, ಗ್ಯಾರೇಜಿನಲ್ಲಿ ಇಟ್ಟ ಕಾರಿಗೂ ವಿಮೆ ಇರಲೇಬೇಕು. ಊರಿನಲ್ಲಿರುವ ನನ್ನ ಕಾರನ್ನು ಅಕ್ಕನ ಮಗ ಓಡಿಸುತ್ತಾನೆ. ಈ ಚರ್ಚೆ ಓದಿದ ಮೇಲೆ ಅವನಿಗೆ ಫೋನ್ ಮಾಡಿ ಪಾಲಿಸಿಯ ಫೋಟೋ ಕಳುಹಿಸಲು ಹೇಳಿದೆ. ವಿಮೆ ಚಾಲ್ತಿಯಲ್ಲಿದೆ, ಸದ್ಯ. ಆದರೆ ಅವನು ಓಡಿಸಿ ಏನಾದರೂ ಆದರೆ ನೋಟಿಸು ಬರುವುದು ಆರ್‌ಸಿಯಲ್ಲಿ ಹೆಸರಿರುವ ನನಗೂ ಎಂಬುದು ಇಷ್ಟು ದಿನ ಹೊಳೆದಿರಲಿಲ್ಲ.

ಚಾಸಿಸ್ ನಂಬರ್ (ದಾವಣಗೆರೆ):

ಕಡಲತಡಿ ಅವರ ಮಾತಿಗೆ ಸೇರಿಸುವುದಾದರೆ, ಕಾರು ಮಾರಿದವರೂ ಎಚ್ಚರದಿಂದಿರಬೇಕು. ಆರ್‌ಸಿ ಹೆಸರು ಬದಲಾಗದೆ ಎಷ್ಟೇ ಕೈ ದಾಟಿದ್ದರೂ, ನೋಂದಣಿಯಲ್ಲಿ ಹೆಸರಿರುವವರೇ ಮಾಲೀಕರೆಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೊಂಡವನು ವಿಮೆ ಕಟ್ಟದೆ ಓಡಿಸಿದರೆ ತೊಂದರೆ ಬರುವುದು ಮಾರಿದವರ ಮನೆ ಬಾಗಿಲಿಗೆ.

ಇನ್ನೊಂದು ಸಂಗತಿ. ಅಪಘಾತವಾದ ಕೂಡಲೇ ಮೊಬೈಲಿನಲ್ಲಿ ಪಾಲಿಸಿ ಮಾಡಿಸಿಬಿಡುತ್ತೇವೆ ಎಂದುಕೊಳ್ಳುವವರಿದ್ದಾರೆ. ಪಾಲಿಸಿಯಲ್ಲಿ ಗಂಟೆ, ನಿಮಿಷ ಮುದ್ರಿತವಾಗಿರುತ್ತದೆ. ಮಧ್ಯಾಹ್ನ 2.20ಕ್ಕೆ ಅಪಘಾತವಾಗಿ, ಅದೇ ದಿನ 2.55ಕ್ಕೆ ವಿಮೆ ಪಡೆದ ಪ್ರಕರಣವೊಂದು ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ವಿಮಾ ಕಂಪನಿ ಹೊಣೆಯಲ್ಲ ಎಂದೇ ತೀರ್ಪಾಯಿತು.

ಹೊರವರ್ತುಲ (ಬೆಂಗಳೂರು):

ನನ್ನದು ಅರ್ಧ ವಿಮೆ ತಪ್ಪಿದ ಕಥೆ. 2020ರ ಅಕ್ಟೋಬರಿನಲ್ಲಿ ಹೊಸ ಕಾರು ಕೊಂಡಾಗ "ಮೂರು ವರ್ಷದ ಇನ್ಶೂರೆನ್ಸ್ ಇದೆ" ಎಂದು ಶೋರೂಮಿನಲ್ಲಿ ಹೇಳಿದ್ದನ್ನು ಪೂರ್ತಿಯಾಗಿ ನಂಬಿದೆ. 2022ರ ಸೆಪ್ಟೆಂಬರಿನ ಮೊದಲ ವಾರ ಹೊರವರ್ತುಲ ರಸ್ತೆಯ ಸುತ್ತಲಿನ ಬಡಾವಣೆಗಳೆಲ್ಲ ಮುಳುಗಿದ ರಾತ್ರಿ ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಗೂ ನೀರು ನುಗ್ಗಿತು. ಬೆಳಿಗ್ಗೆ ನೋಡಿದಾಗ ಕಾರಿನ ಮಾಡು ಮಾತ್ರ ಕಾಣುತ್ತಿತ್ತು. ಪಾಲಿಸಿ ತೆಗೆದು ಓದಿದಾಗ ತಿಳಿದದ್ದೇನೆಂದರೆ ಮೂರು ವರ್ಷದ್ದು ಥರ್ಡ್ ಪಾರ್ಟಿ ಮಾತ್ರ. ಓನ್ ಡ್ಯಾಮೇಜ್ ಒಂದೇ ವರ್ಷದ್ದಾಗಿದ್ದು, ಅದು ಮುಗಿದು ಹನ್ನೊಂದು ತಿಂಗಳಾಗಿತ್ತು. ಅಕ್ಕಪಕ್ಕದವರು ಕ್ಲೇಮು ಫಾರಂ ತುಂಬುತ್ತಿದ್ದಾಗ ನಾನು ಟೋಯಿಂಗ್ ಗಾಡಿಯವನ ಹತ್ತಿರ ಚೌಕಾಸಿ ಮಾಡುತ್ತಿದ್ದೆ. ಎಂಜಿನ್, ವೈರಿಂಗ್, ಸೀಟುಗಳು ಎಲ್ಲ ಸೇರಿ ದುರಸ್ತಿಗೆ ಮೂರು ಲಕ್ಷದ ಅಂದಾಜು ಕೊಟ್ಟರು; ಕೊನೆಗೆ ಇದ್ದ ಸ್ಥಿತಿಯಲ್ಲೇ ಮಾರಿದೆ. ಕಾರಿನ ಸಾಲದ ಕಂತು ಮಾತ್ರ ಇನ್ನೂ ಎರಡು ವರ್ಷ ಬಾಕಿಯಿತ್ತು.

ಚಾಸಿಸ್ ನಂಬರ್ (ದಾವಣಗೆರೆ):

ಈ ತಪ್ಪು ತಿಳಿವಳಿಕೆ ಬಹಳ ವ್ಯಾಪಕವಾಗಿದೆ. ಸುಪ್ರೀಂ ಕೋರ್ಟಿನ ಆದೇಶದಂತೆ 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ ಮೂರು ವರ್ಷದ, ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಓನ್ ಡ್ಯಾಮೇಜ್ ಭಾಗವನ್ನು ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಬೇರೆಯಾಗಿ ನವೀಕರಿಸಬೇಕಾಗುತ್ತದೆ. ಪಾಲಿಸಿಯ ಮೊದಲ ಪುಟದಲ್ಲಿ ಎರಡು ದಿನಾಂಕಗಳು ಬೇರೆ ಬೇರೆ ಸಾಲಿನಲ್ಲಿ ಇರುತ್ತವೆ. ಬೇಗ ಮುಗಿಯುವುದನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಳ್ಳಿ. ಜೊತೆಗೆ ಮಾಲೀಕ-ಚಾಲಕರ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಎಂದಿನವರೆಗೆ ಇದೆ ಎಂಬುದನ್ನೂ ನೋಡಿರಿ. ವಿಮೆ ಮುಗಿದ ಕಾರಿನಲ್ಲಿ ಮಾಲೀಕರೇ ತೀರಿಕೊಂಡರೆ ಮನೆಯವರಿಗೆ ಆ ಹಣವೂ ಸಿಗುವುದಿಲ್ಲ.

ತುಂಗಾತೀರ (ಶಿವಮೊಗ್ಗ):

ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಮುಂದೇನಾಯಿತೆಂದು ತಿಳಿಸುತ್ತೇನೆ. ವಕೀಲರ ನಲವತ್ತು ಲಕ್ಷದ ಲೆಕ್ಕವನ್ನು ಅಪ್ಪನಿಗೆ ಓದಿ ಹೇಳಿದೆ. ಅವರು ಏನೂ ಮಾತಾಡದೆ ಕಾರಿನ ಕೀಲಿಯನ್ನು ಗೋಡೆಯ ಮೊಳೆಯಿಂದ ತೆಗೆದು ಗಾಡ್ರೇಜ್ ಬೀರುವಿನೊಳಗೆ ಇಟ್ಟರು. ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಅಂಗಳದಲ್ಲಿಯೇ ಕಾರು ತೊಳೆದು ವಿಡಿಯೋ ತೆಗೆದೆ. ಚಾಸಿಸ್ ನಂಬರಿನ ಮೇಲಿನ ಕೆಸರನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಬೇಕಾಯಿತು. ಎಡಬದಿಯ ಬಾಗಿಲಿನ ಗೀರು, ಹಿಂದಿನ ಬಂಪರಿನ ಬಿರುಕು ಎರಡೂ ದಾಖಲಾದವು. ಸಂಜೆಯ ಹೊತ್ತಿಗೆ ಒಪ್ಪಿಗೆ ಬಂದಿತು.

ಓನ್ ಡ್ಯಾಮೇಜಿಗೆ 8,640, ಥರ್ಡ್ ಪಾರ್ಟಿಗೆ 3,416, ಜಿಎಸ್‌ಟಿ ಸೇರಿ ಒಟ್ಟು 14,226 ರೂಪಾಯಿ. ಅಪ್ಪನ ವೈಯಕ್ತಿಕ ಅಪಘಾತ ವಿಮೆ ಬ್ಯಾಂಕಿನ ಮೂಲಕ ಬೇರೆಯಾಗಿ ಇರುವುದರಿಂದ ಅದನ್ನು ಸೇರಿಸಲಿಲ್ಲ. ಸರಿಯಾದ ದಿನ ಕಟ್ಟಿದ್ದರೆ ಬೋನಸ್ ಕಳೆದು 9,128ಕ್ಕೆ ಮುಗಿಯುತ್ತಿತ್ತು. ಈ ಸಲ ಅಪ್ಪನ ನಂಬರಿನ ಜೊತೆಗೆ ನನ್ನ ನಂಬರನ್ನೂ ಕೊಟ್ಟಿದ್ದೇನೆ. ಚಾಸಿಸ್ ನಂಬರ್ ಅವರು ದ್ವಿಚಕ್ರ ವಾಹನದ ಐದು ವರ್ಷದ ಮಾತು ಹೇಳಿದ ಮೇಲೆ ಅಮ್ಮನ ಸ್ಕೂಟರಿನ ದಾಖಲೆಯನ್ನೂ ತೆಗೆದು ನೋಡಿದೆ. 2019ರ ನವೆಂಬರಿನಲ್ಲಿ ಕೊಂಡದ್ದು. ಅದರ ವಿಮೆ 2024ರಲ್ಲಿಯೇ ಮುಗಿದಿದೆ, ಮತ್ತು ಅಮ್ಮ ಅದರಲ್ಲಿ ಪ್ರತಿದಿನ ಶಾಲೆಗೆ ಹೋಗಿ ಬರುತ್ತಿದ್ದಾರೆ. ನಾಳೆ ಬೆಳಿಗ್ಗೆ ಅವರನ್ನು ಆಟೋದಲ್ಲಿ ಕಳುಹಿಸಿ, ಅದಕ್ಕೂ ಹಣ ಕಟ್ಟುತ್ತೇನೆ.